ಗುರುವನ್ನು ಅರಸುವ ಬಗೆ

ವಿಜಯಪುರ ಜಿಲ್ಲೆಯ ಬಬಲೇಶ್ವರ ತಾಲ್ಲೂಕಿನಲ್ಲಿರುವ ಮಮದಾಪುರವು ತನ್ನ ವಿಶಾಲವಾದ ಕೆರೆಗೆ ಹೆಸರಾದ ಊರು. 17ನೆಯ ಶತಮಾನದಲ್ಲಿ ಮುಹಮ್ಮದ್ ಆದಿಲ್ ಶಾಹನು ಕಟ್ಟಿಸಿದ ಆ ಕೆರೆ, ಮಳೆಯನ್ನು ನಂಬಲಾಗದ ಸೀಮೆಯಲ್ಲಿ ಬಿದ್ದ ಹನಿಯನ್ನು ಕೂಡಿಟ್ಟುಕೊಳ್ಳುವ ಯತ್ನದ ಫಲ. ಈ ವರ್ಷ ಮಳೆ ಎಷ್ಟು ಬಿದ್ದೀತು, ಕೆರೆಯ ನೀರು ಎಷ್ಟು ದಿನ ಬಂದೀತು, ಎಕರೆಗೆ ಜೋಳ ಎಷ್ಟು ಚೀಲವಾದೀತು ಎಂಬ ಲೆಕ್ಕಾಚಾರ ಅಲ್ಲಿಯ ರೈತನಿಗೆ ಹೊಸದೇನಲ್ಲ. ಇಂತಹ ಲೆಕ್ಕಾಚಾರಕ್ಕೆ ನಿಯಮಗಳನ್ನು ಕಲ್ಪಿಸಿ, ಅದರಲ್ಲಿ ಎಷ್ಟು ನಂಬಬಹುದು, ಎಷ್ಟು ನಂಬಲಾಗದು ಎಂಬುದನ್ನು ತಿಳಿಸಿಕೊಡುವ ವಿದ್ಯೆಗೆ ಸಂಖ್ಯಾಶಾಸ್ತ್ರವೆಂದು ಹೆಸರು. ಆದರೆ ಅದೇ ರೈತನ ಮಗಳು ಆ ಶಾಸ್ತ್ರವನ್ನು ಕಲಿಯಲು ಹೊರಟಾಗ, ಎಡವಿದ ಕಡೆಯಲ್ಲಿ ಕೈಹಿಡಿದು ನಡೆಸುವವರು ಯಾರು ಎಂಬ ಪ್ರಶ್ನೆ ಮನೆಯವರನ್ನೆಲ್ಲ ಕಾಡತೊಡಗುತ್ತದೆ.

ಪ್ರೌಢಶಾಲೆಯ ಗಣಿತದಲ್ಲಿ ಸರಾಸರಿ, ಮಧ್ಯಾಂಕ, ಬಹುಲಕಗಳ ಪರಿಚಯವಾಗುತ್ತದೆ. ಅಲ್ಲಿಯವರೆಗೆ ಸಂಖ್ಯಾಶಾಸ್ತ್ರವು ಸುಲಭವೆಂದೇ ತೋರುತ್ತದೆ. ಪದವಿಪೂರ್ವ ತರಗತಿಯಲ್ಲಿ ಅದನ್ನು ಸ್ವತಂತ್ರ ವಿಷಯವಾಗಿ ಆರಿಸಿಕೊಂಡಾಗ ಮಾತು ಬೇರೆಯಾಗುತ್ತದೆ. ಮಾನಕ ವಿಚಲನೆ, ಸಹಸಂಬಂಧ, ಸೂಚ್ಯಂಕ, ಜನನ ಮರಣಗಳ ದರ, ಸಂಭವನೀಯತೆ ಇವೆಲ್ಲ ಒಂದರ ಹಿಂದೆ ಒಂದು ಬರುತ್ತವೆ. ಒಂದು ಮೆಟ್ಟಿಲು ತಪ್ಪಿದರೆ ಮುಂದಿನದು ನಿಲುಕದು. ಗಣಿತಕ್ಕೋ ಇಂಗ್ಲಿಷಿಗೋ ಮನೆಪಾಠ ಹೇಳುವವರು ಹೋಬಳಿಯ ಊರುಗಳಲ್ಲಿಯೂ ಸಿಕ್ಕಾರು. ಸಂಖ್ಯಾಶಾಸ್ತ್ರಕ್ಕೆ ಸಿಗುವುದು ಅಪರೂಪ. ಜಿಲ್ಲಾ ಕೇಂದ್ರಕ್ಕೆ ಹೋಗೋಣವೆಂದರೆ ಬಸ್ಸಿನ ಖರ್ಚು, ಪಾಠದ ಶುಲ್ಕ, ಕತ್ತಲಾಗುವ ಮುನ್ನ ಮನೆ ಸೇರಬೇಕೆಂಬ ಚಿಂತೆ ಇವು ಮೂರೂ ಅಡ್ಡ ನಿಲ್ಲುತ್ತವೆ. ಮಗನಾದರೆ ಹೇಗೋ ಹೋಗಿಬಂದಾನು, ಮಗಳಿಗೆ ಈ ವಿಷಯವೇ ಬೇಡವೆಂದು ಹಿರಿಯರು ತೀರ್ಮಾನಿಸಿಬಿಡುವುದೂ ಉಂಟು. ಹೀಗೆ ಕಲಿಸುವವರು ಸಿಗಲಿಲ್ಲವೆಂಬ ಒಂದೇ ಕಾರಣಕ್ಕೆ ಒಂದು ಮಗುವಿನ ಮುಂದಿನ ದಾರಿ ಮುಚ್ಚಿಹೋಗುವುದು ಸಣ್ಣ ನಷ್ಟವಲ್ಲ.

ಇಂತಹ ಇಕ್ಕಟ್ಟಿನಲ್ಲಿ ಜನ ಸಾಮಾನ್ಯವಾಗಿ ಕೇಳುವ ಪ್ರಶ್ನೆ, ಮನೆಪಾಠದವರು ಎಲ್ಲಿದ್ದಾರೆ, ಎಷ್ಟು ಹಣ ಕೇಳುತ್ತಾರೆ ಎಂಬುದು. ಆದರೆ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಎಂತಹವರನ್ನು ಹುಡುಕಬೇಕು? ಇದಕ್ಕೆ ಉತ್ತರ ದೊರೆಯದೆ ಹುಡುಕಹೊರಟವರು ಸೂತ್ರಗಳನ್ನು ಬಾಯಿಪಾಠ ಮಾಡಿಸುವವರ ಬಾಗಿಲಿಗೆ ಹೋಗಿ ನಿಲ್ಲುತ್ತಾರೆ. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ಬಿಡಿಸಿ ತೋರಿಸಿ, ಇಂತಹ ಲೆಕ್ಕಕ್ಕೆ ಇಂತಹ ಸೂತ್ರವೆಂದು ಹೇಳಿಕೊಟ್ಟರೆ ಅಂಕಗಳೇನೋ ಬಂದಾವು, ವಿದ್ಯೆ ಬಾರದು. ಸಂಖ್ಯಾಶಾಸ್ತ್ರದ ಮಟ್ಟಿಗಂತೂ ಈ ಮಾತು ಹೆಚ್ಚು ನಿಜ. ಏಕೆಂದರೆ ಅಲ್ಲಿ ಉತ್ತರವನ್ನು ಕಂಡುಹಿಡಿಯುವುದಕ್ಕಿಂತ, ಆ ಉತ್ತರ ಏನು ಹೇಳುತ್ತದೆ ಎಂಬುದನ್ನು ಅರಿಯುವುದೇ ಮುಖ್ಯ.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳಬಹುದು. ಎರಡು ಊರುಗಳಲ್ಲಿ ಐದು ವರ್ಷ ಬಿದ್ದ ಮಳೆಯನ್ನು ಅಳೆದಿದ್ದಾರೆನ್ನೋಣ. ಮೊದಲ ಊರಿನಲ್ಲಿ ಅದು ಕ್ರಮವಾಗಿ 300, 900, 400, 1000, 400 ಮಿಲಿಮೀಟರ್. ಎರಡನೆಯ ಊರಿನಲ್ಲಿ 580, 600, 620, 590, 610 ಮಿಲಿಮೀಟರ್. ಎರಡೂ ಊರುಗಳ ಸರಾಸರಿ ಮಳೆ 600 ಮಿಲಿಮೀಟರೇ. ಸರಾಸರಿಯನ್ನು ಮಾತ್ರ ಬಲ್ಲವನು ಎರಡೂ ಊರುಗಳ ರೈತರು ಸಮಾನ ಭಾಗ್ಯವಂತರೆಂದು ಭಾವಿಸುತ್ತಾನೆ. ಆದರೆ ಮೊದಲ ಊರಿನವನು ಒಂದು ವರ್ಷ ಬರದಿಂದ ಬೆಂದಿದ್ದಾನೆ, ಇನ್ನೊಂದು ವರ್ಷ ಅತಿವೃಷ್ಟಿಗೆ ಸಿಕ್ಕಿದ್ದಾನೆ. ಮಾನಕ ವಿಚಲನೆಯನ್ನು ಲೆಕ್ಕ ಹಾಕಿದರೆ ಮೊದಲ ಊರಿನದು ಸುಮಾರು 290 ಮಿಲಿಮೀಟರ್, ಎರಡನೆಯದು ಸುಮಾರು 14 ಮಿಲಿಮೀಟರ್. ಸರಾಸರಿ ಮರೆಮಾಡಿದ ಸಂಕಟವನ್ನು ವಿಚಲನೆ ಬಯಲಿಗೆಳೆಯಿತು. ಈ ಎರಡು ಸಂಖ್ಯೆಗಳ ಹಿಂದಿರುವ ಎರಡು ಬದುಕುಗಳನ್ನು ಕಾಣಿಸಬಲ್ಲವನೇ ಸಂಖ್ಯಾಶಾಸ್ತ್ರದ ನಿಜವಾದ ಗುರು. ಸೂತ್ರವನ್ನು ಹಲಗೆಯ ಮೇಲೆ ಬರೆದು ಅಳಿಸುವುದು ಯಾರಿಂದಲೂ ಆದೀತು.

ಭಾರತದಲ್ಲಿ ಈ ಶಾಸ್ತ್ರ ಬೇರೂರಿದ ಬಗೆಯನ್ನು ನೋಡಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಪ್ರಶಾಂತಚಂದ್ರ ಮಹಲನೋಬಿಸರು ಭಾರತೀಯ ಸಂಖ್ಯಾಶಾಸ್ತ್ರದ ಪಿತಾಮಹರೆನಿಸಿದವರು. ಅವರು ಕೇಂಬ್ರಿಜ್‌ಗೆ ಹೋಗಿ ಓದಿದ್ದು ಗಣಿತ ಮತ್ತು ಭೌತವಿಜ್ಞಾನಗಳನ್ನು. ಓದು ಮುಗಿಸಿ ತಾಯ್ನಾಡಿಗೆ ಹೊರಡುವ ಹೊತ್ತಿಗೆ, ಅವರ ಕಾಲೇಜಿನಲ್ಲಿ ಮಾರ್ಗದರ್ಶಕರಾಗಿದ್ದ ಮೆಕಾಲೆ ಎಂಬವರು ಗ್ರಂಥಾಲಯದಲ್ಲಿದ್ದ ‘ಬಯೊಮೆಟ್ರಿಕ’ ಎಂಬ ನಿಯತಕಾಲಿಕದ ಕಡೆಗೆ ಅವರ ಗಮನವನ್ನು ಸೆಳೆದರು. ಮಹಲನೋಬಿಸರು ಅದರ ಸಂಪುಟಗಳನ್ನು ಕೊಂಡು, ಹಡಗಿನ ಪ್ರಯಾಣದಲ್ಲಿಯೇ ಓದತೊಡಗಿದರು. ಕಲ್ಕತ್ತೆಗೆ ಬಂದ ಮೇಲೆ ತತ್ತ್ವಜ್ಞಾನಿಗಳಾದ ಬ್ರಜೇಂದ್ರನಾಥ ಸೀಲರು ವಿಶ್ವವಿದ್ಯಾನಿಲಯದ ಪರೀಕ್ಷಾ ಫಲಿತಾಂಶಗಳನ್ನು ವಿಶ್ಲೇಷಿಸುವ ಕೆಲಸವನ್ನು ಅವರಿಗೆ ಒಪ್ಪಿಸಿದರು. ಇದೇ ಸೀಲರು ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ಒಬ್ಬರು ಪುಸ್ತಕದ ದಾರಿ ತೋರಿದರು, ಇನ್ನೊಬ್ಬರು ಕೈಗೆ ಕೆಲಸ ಕೊಟ್ಟರು. ಇಬ್ಬರಲ್ಲಿ ಯಾರೂ ಸೂತ್ರಗಳನ್ನು ಕಲಿಸಿದವರಲ್ಲ. ಆದರೂ ಇಬ್ಬರೂ ಗುರುಗಳೇ. ಆ ಬೀಜದಿಂದಲೇ 1931ರ ಡಿಸೆಂಬರ್ 17ರಂದು ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ತಲೆಯೆತ್ತಿತು. ಮಹಲನೋಬಿಸರ ಜನ್ಮದಿನವಾದ ಜೂನ್ 29ನ್ನು 2007ರಿಂದ ರಾಷ್ಟ್ರೀಯ ಸಂಖ್ಯಾಶಾಸ್ತ್ರ ದಿನವಾಗಿ ಆಚರಿಸಲಾಗುತ್ತಿದೆ.

ಕನ್ನಡನಾಡಿಗೆ ಇನ್ನೂ ಹತ್ತಿರವಾದ ನಿದರ್ಶನವೂ ಉಂಟು. ಜಗತ್ಪ್ರಸಿದ್ಧ ಸಂಖ್ಯಾಶಾಸ್ತ್ರಜ್ಞರಾದ ಸಿ. ಆರ್. ರಾವ್ ಅವರು 1920ರ ಸೆಪ್ಟೆಂಬರ್ 10ರಂದು ಹೂವಿನಹಡಗಲಿಯಲ್ಲಿ, ತೆಲುಗು ಮನೆಮಾತಿನ ಕುಟುಂಬದಲ್ಲಿ ಜನಿಸಿದರು. ಬಾಲ್ಯದಲ್ಲಿ ತಾಯಿ ಲಕ್ಷ್ಮೀಕಾಂತಮ್ಮನವರು ಬೆಳಗಿನ ನಾಲ್ಕು ಗಂಟೆಗೆ ಮಗನನ್ನೆಬ್ಬಿಸಿ, ಎಣ್ಣೆಯ ದೀಪ ಹಚ್ಚಿಟ್ಟು ಓದಲು ಕೂರಿಸುತ್ತಿದ್ದರೆಂಬುದನ್ನು ಅವರು ಕೊನೆಯವರೆಗೂ ಕೃತಜ್ಞತೆಯಿಂದ ನೆನೆದರು. ಗಣಿತದಲ್ಲಿ ಎಂ.ಎ. ಮುಗಿಸಿ ಸೈನ್ಯದ ಉದ್ಯೋಗವೊಂದಕ್ಕಾಗಿ ಕಲ್ಕತ್ತೆಗೆ ಹೋದಾಗ ಆ ಕೆಲಸ ದೊರೆಯಲಿಲ್ಲ. ಅಲ್ಲಿ ಪರಿಚಯವಾದವರೊಬ್ಬರಿಂದ ಮಹಲನೋಬಿಸರ ಸಂಸ್ಥೆಯ ಸುದ್ದಿ ತಿಳಿದು, 1941ರ ಆರಂಭದಲ್ಲಿ ಅವರು ಅಲ್ಲಿ ಶಿಕ್ಷಣಕ್ಕೆ ಸೇರಿದರು. ಕೆಲವೇ ವರ್ಷಗಳಲ್ಲಿ ತಾವೇ ಪಾಠ ಹೇಳುವವರಾದರು. ಒಂದು ದಿನ ತರಗತಿಯಲ್ಲಿ, ಮಾದರಿಗಳ ಸಂಖ್ಯೆ ಬಹು ದೊಡ್ಡದಾಗಿರುವಾಗ ಮಾತ್ರ ಸಲ್ಲುವ ನಿಯಮವೊಂದನ್ನು ಅವರು ವಿವರಿಸುತ್ತಿದ್ದಾಗ, ವಿ. ಎಂ. ದಾಂಡೇಕರ್ ಎಂಬ ವಿದ್ಯಾರ್ಥಿ, ಸಂಖ್ಯೆ ಚಿಕ್ಕದಾಗಿರುವಾಗಲೂ ಅಂತಹ ನಿಯಮವೊಂದನ್ನು ಸಾಧಿಸಲಾಗದೆ ಎಂದು ಕೇಳಿದರು. ರಾವ್ ಅವರ ಬಳಿ ಅದಕ್ಕೆ ಸಿದ್ಧ ಉತ್ತರವಿರಲಿಲ್ಲ. ಆದರೆ ಅವರು ವಿದ್ಯಾರ್ಥಿಯನ್ನು ಗದರಲಿಲ್ಲ. ಪ್ರಶ್ನೆಯನ್ನು ಮನೆಗೆ ಕೊಂಡೊಯ್ದು, ರಾತ್ರಿಯೆಲ್ಲ ಶ್ರಮಿಸಿ ಉತ್ತರ ಕಂಡುಕೊಂಡರು. 1945ರಲ್ಲಿ ಪ್ರಕಟವಾದ ಆ ಫಲವು, ಸ್ವತಂತ್ರವಾಗಿ ಅದನ್ನು ಸಾಧಿಸಿದ ಸ್ವೀಡನ್ನಿನ ವಿದ್ವಾಂಸರ ಹೆಸರನ್ನೂ ಕೂಡಿಸಿಕೊಂಡು ‘ಕ್ರಾಮೆರ್-ರಾವ್ ಅಸಮತೆ’ ಎಂದು ಲೋಕವಿಖ್ಯಾತವಾಯಿತು. 2023ರಲ್ಲಿ ಅಂತಾರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿಯನ್ನು ಪಡೆದ ರಾವ್ ಅವರು ಅದೇ ವರ್ಷ ಆಗಸ್ಟ್ ತಿಂಗಳಿನಲ್ಲಿ ನಿಧನರಾದರು.

ಈ ಎರಡು ನಿದರ್ಶನಗಳಿಂದ ಗುರುವಿನ ಲಕ್ಷಣಗಳು ತಾವಾಗಿ ಹೊರಬೀಳುತ್ತವೆ. ಓದಬೇಕಾದ ಪುಸ್ತಕವನ್ನು ತೋರಿಸುವವನು, ಮಾಡಬೇಕಾದ ಕೆಲಸವನ್ನು ಕೊಡುವವನು, ಕೇಳಿದ ಪ್ರಶ್ನೆಗೆ ಮರ್ಯಾದೆ ಕೊಡುವವನು, ತನಗೆ ತಿಳಿಯದ್ದನ್ನು ತಿಳಿಯದೆಂದು ಒಪ್ಪಿ ತಿಳಿದು ಬಂದು ಹೇಳುವವನು, ಇಂತಹವನೇ ಅರಸಬೇಕಾದ ಗುರು. ಈ ದೃಷ್ಟಿಯಿಂದ ನೋಡಿದರೆ ಮಮದಾಪುರದಂತಹ ಊರು ಜನ ತಿಳಿದಷ್ಟು ಬಡವಾದುದಲ್ಲ. ಜನನ ಮರಣಗಳನ್ನು ನೋಂದಾಯಿಸಬೇಕೆಂಬ ಕಾಯಿದೆ 1969ರಿಂದ ಇದೆ. ಆ ನೋಂದಣಿಯ ಕೆಲಸ ಹೇಗೆ ನಡೆಯುತ್ತದೆಂಬುದನ್ನು ಬಲ್ಲ ನೌಕರರು ಊರೂರಿಗೂ ಬಂದುಹೋಗುತ್ತಾರೆ. ಜನನ ದರವೆಂದರೇನೆಂದು ಅವರಿಗಿಂತ ಚೆನ್ನಾಗಿ ವಿವರಿಸುವವರಾರು? ಸಂತೆಯಲ್ಲಿ ವಾರವಾರವೂ ಏರಿಳಿಯುವ ಕಾಳುಕಡಿಗಳ ಬೆಲೆಯನ್ನು ವರ್ಷವಿಡೀ ಬರೆದಿಟ್ಟರೆ ಸೂಚ್ಯಂಕದ ಪಾಠ ತಾನಾಗಿ ತೆರೆದುಕೊಳ್ಳುತ್ತದೆ.

ಬೆಳೆವಿಮೆಯ ವಿಚಾರವಂತೂ ರೈತನ ಹೊಟ್ಟೆಗೆ ಸಂಬಂಧಿಸಿದುದು. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಖ್ಯ ಬೆಳೆಗಳ ಇಳುವರಿಯನ್ನು ಬೆಳೆ ಕಟಾವು ಪ್ರಯೋಗಗಳಿಂದ ಅಂದಾಜು ಮಾಡುವ ಪದ್ಧತಿಯಿದೆ. ಎಲ್ಲ ಹೊಲಗಳನ್ನೂ ತೂಗುವುದು ಅಸಾಧ್ಯವಾದ್ದರಿಂದ, ಯಾವ ಪಕ್ಷಪಾತವೂ ಇಲ್ಲದಂತೆ ಕೆಲವು ಹೊಲಗಳನ್ನು ಆರಿಸಿ, ಗೊತ್ತಾದ ಅಳತೆಯ ತುಣುಕಿನಲ್ಲಿರುವ ಫಸಲನ್ನು ಕೊಯ್ದು ತೂಗುತ್ತಾರೆ. ಆ ಕೆಲವು ತುಣುಕುಗಳ ತೂಕದ ಮೇಲೆ ಎಷ್ಟೋ ಮನೆಗಳ ಪರಿಹಾರ ನಿಂತಿರುತ್ತದೆ. ಆರಿಸುವಾಗ ತಪ್ಪಾದರೆ ಅನ್ಯಾಯವಾಗುವುದು ಯಾರಿಗೆ? ಇದನ್ನು ಅರಿತು ಪ್ರಶ್ನಿಸಬಲ್ಲ ಒಬ್ಬ ಮಗಳು ಊರಿನಲ್ಲಿದ್ದರೆ ಅದು ಊರಿಗೇ ಬಲ. ಆ ಪ್ರಯೋಗ ನಡೆಯುವ ದಿನ ಹೊಲದ ಬದುವಿನ ಮೇಲೆ ನಿಂತು ನೋಡಿದ ವಿದ್ಯಾರ್ಥಿಗೆ ಮಾದರಿಯ ಆಯ್ಕೆ ಎಂಬ ಅಧ್ಯಾಯವನ್ನು ಮತ್ತೆ ಬಾಯಿಪಾಠ ಮಾಡಬೇಕಾಗಿಲ್ಲ.

ಇಷ್ಟರಿಂದಲೇ ಎಲ್ಲವೂ ಮುಗಿಯಿತೇ? ಇಲ್ಲ. ಹೊಲ, ಸಂತೆಗಳು ಶಾಸ್ತ್ರದ ಅರ್ಥವನ್ನು ತೋರಿಯಾವು. ಅದರ ತರ್ಕವನ್ನು ಬಿಡಿಸಿ ಹೇಳಲು ಓದಿ ಬಲ್ಲ ಅಧ್ಯಾಪಕರೇ ಬೇಕು. ಸಂಭವನೀಯತೆಯ ನಿಯಮಗಳನ್ನು ಅರೆಬರೆ ತಿಳಿದವರಿಂದ ಕಲಿಯುವುದು ಕಲಿಯದಿರುವುದಕ್ಕಿಂತ ಹೆಚ್ಚು ಅಪಾಯಕರ. ಅಂತಹ ಅಧ್ಯಾಪಕರು ದೂರದಲ್ಲಿದ್ದರೆ, ನಾಲ್ಕಾರು ಮನೆಯವರು ಕೂಡಿ ವಾರಕ್ಕೊಮ್ಮೆ ಅವರಲ್ಲಿಗೆ ಮಕ್ಕಳನ್ನು ಕಳುಹಿಸಬಹುದು, ಇಲ್ಲವೇ ಅವರನ್ನೇ ಊರಿಗೆ ಬರಮಾಡಿಕೊಳ್ಳಬಹುದು. ಜೊತೆಯಿದ್ದರೆ ಹೆಣ್ಣುಮಕ್ಕಳ ಪ್ರಯಾಣದ ಚಿಂತೆಯೂ ತಗ್ಗುತ್ತದೆ, ಖರ್ಚೂ ಹಂಚಿಹೋಗುತ್ತದೆ. ಅದೇ ವಿಷಯವನ್ನು ಓದಿ ಪದವಿ ತರಗತಿಗೆ ಹೋಗಿರುವ ಊರಿನ ಹಿರಿಯ ವಿದ್ಯಾರ್ಥಿಗಳು ರಜೆಯಲ್ಲಿ ಬಂದಾಗ ಕಿರಿಯರಿಗೆ ಕಲಿಸಬಹುದು. ಕಲಿಸುವವನು ಎರಡು ಸಲ ಕಲಿಯುತ್ತಾನೆಂಬುದು ಅನುಭವದ ಮಾತು. ಈಗ ಕೈಯಲ್ಲಿನ ಮೊಬೈಲಿನಲ್ಲಿಯೇ ಪಾಠಗಳು ದೊರೆಯುತ್ತವೆ, ಗುರುವೇಕೆ ಎನ್ನುವವರೂ ಇದ್ದಾರೆ. ಆ ಪಾಠಗಳು ಉಪಯುಕ್ತವೇ ಸರಿ. ಆದರೆ ಎದುರಿಗಿರುವ ಮಗುವಿನ ಮುಖ ಬಾಡಿದ್ದನ್ನು ಕಂಡು ಹೇಳಿದ್ದನ್ನು ಇನ್ನೊಮ್ಮೆ ಬೇರೆ ಬಗೆಯಲ್ಲಿ ಹೇಳುವ ಕರುಣೆ ಅವುಗಳಿಗಿಲ್ಲ.

ಇಲ್ಲಿ ಇನ್ನೊಂದು ಮಾತನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕಾಗಿದೆ. ಒಂದು ವಿಷಯವನ್ನು ಪಠ್ಯಕ್ರಮದಲ್ಲಿ ಇರಿಸಿ, ಅದನ್ನು ಕಲಿಸಲು ಸಾಕಷ್ಟು ಅಧ್ಯಾಪಕರನ್ನು ಒದಗಿಸದಿದ್ದರೆ, ಅದು ಹೊಲ ಕೊಟ್ಟು ಬೀಜ ಕೊಡದಂತೆ. ಶಾಲೆಯ ಅಧ್ಯಾಪಕರು ಖಾಸಗಿ ಮನೆಪಾಠ ಹೇಳಕೂಡದೆಂದು 2009ರ ಶಿಕ್ಷಣ ಹಕ್ಕು ಕಾಯಿದೆ ವಿಧಿಸಿದೆ. ಇದರ ಹಿಂದಿನ ಆಶಯ ದೊಡ್ಡದು: ತರಗತಿಯಲ್ಲಿ ಕಲಿಸಬೇಕಾದುದನ್ನು ಉಳಿಸಿಕೊಂಡು ಮನೆಯಲ್ಲಿ ಮಾರುವ ಆಸೆ ಹುಟ್ಟಬಾರದು. ಆದರೆ ಆ ಆಶಯ ಪೂರ್ಣವಾಗುವುದು ತರಗತಿಯಲ್ಲಿಯೇ ಕಲಿಕೆ ಪೂರ್ಣವಾದಾಗ. ಹಣವಿದ್ದವರ ಮಕ್ಕಳು ಹೇಗಾದರೂ ಗುರುವನ್ನು ಪಡೆದಾರು; ಇಲ್ಲದವರ ಮಕ್ಕಳಿಗೆ ಶಾಲೆಯೇ ಗತಿ. ಆದುದರಿಂದ ಮನೆಪಾಠದ ಅಗತ್ಯವೇ ಬೀಳದಂತೆ ಶಾಲೆ ಕಾಲೇಜುಗಳನ್ನು ಸಜ್ಜುಗೊಳಿಸುವುದು ಸರ್ಕಾರದ ಮೊದಲ ಹೊಣೆ. ಅದು ಆಗುವವರೆಗೆ ಮಕ್ಕಳನ್ನು ಕಾಯಿಸಲಾಗದು; ಆ ನಡುವಿನ ಭಾರವನ್ನು ಊರು ಹೊರಬೇಕು.

ವಿದ್ಯಾರ್ಥಿಯ ಹೊಣೆಯೂ ಕಡಿಮೆಯದಲ್ಲ. ದಾಂಡೇಕರರು ಅಂದು ಸುಮ್ಮನೆ ಕುಳಿತಿದ್ದರೆ ರಾವ್ ಅವರ ಆ ರಾತ್ರಿಯ ಶ್ರಮವೇ ಇರುತ್ತಿರಲಿಲ್ಲ. ಗುರುವಿನಿಂದ ಶಿಷ್ಯ ಬೆಳೆಯುವಂತೆ ಶಿಷ್ಯನ ಪ್ರಶ್ನೆಯಿಂದ ಗುರುವೂ ಬೆಳೆಯುತ್ತಾನೆ. ತಿಳಿಯಲಿಲ್ಲವೆಂದು ಹೇಳಲು ನಾಚುವವನಿಗೆ ಎಂತಹ ಗುರು ದೊರೆತರೂ ಪ್ರಯೋಜನವಿಲ್ಲ. ಎಲ್ಲಿ ತಪ್ಪಿತೆಂಬುದನ್ನು ತಾನೇ ಗುರುತಿಸಿ, ಬರೆದುಕೊಂಡು, ಬಲ್ಲವರ ಮುಂದೆ ಇಡುವವನಿಗೆ ಅರ್ಧ ಪಾಠ ಅಲ್ಲಿಯೇ ಆದಂತೆ.

ಮಮದಾಪುರದ ಕೆರೆ ಒಬ್ಬನ ಹೊಲಕ್ಕಾಗಿ ತೋಡಿದ ಬಾವಿಯಲ್ಲ. ಸುತ್ತಲಿನ ನೆಲದ ಮೇಲೆ ಬಿದ್ದ ಮಳೆ ಅಲ್ಲಿಗೆ ಹರಿದು ಬರುತ್ತದೆ. ಅಲ್ಲಿಂದ ಊರಿಗೆ ಉಪಕಾರವಾಗುತ್ತದೆ. ಅವರವರ ಮನೆಯ ಹಣಕ್ಕೆ ತಕ್ಕಂತೆ ತೋಡಿಕೊಳ್ಳುವ ಬಾವಿಯಂತೆ ವಿದ್ಯೆ ಆಗಬಾರದು. ಬಲ್ಲವರೆಲ್ಲರ ತಿಳಿವು ಹರಿದು ಬಂದು ಕೂಡುವ, ಬಾಯಾರಿದವರೆಲ್ಲರೂ ಇಳಿದು ಮೊಗೆದುಕೊಳ್ಳಬಹುದಾದ ಕೆರೆ ಅದಾಗಬೇಕು. ಸಂಖ್ಯಾಶಾಸ್ತ್ರವನ್ನು ಕಲಿಯಬಯಸುವ ಒಬ್ಬ ಹುಡುಗಿಗೆ ಗುರುವನ್ನು ಹುಡುಕಿಕೊಡುವುದು ಅವಳ ತಂದೆತಾಯಿಗಳೊಬ್ಬರ ಕೆಲಸವಲ್ಲ; ಅದು ಊರಿನ ಕೆಲಸ.