ಗರಿ ಸಿಕ್ಕಿಸಿಕೊಂಡ ಆದಿವಾಸಿ

ಹೋದ ವಾರ ನಮ್ಮ ಓನರ್ ಮಗಳು ಪ್ರಾಜೆಕ್ಟ್ ಚಾರ್ಟ್ ಹಿಡ್ಕೊಂಡು ಮಹಡಿ ಹತ್ತಿ ಬಂದಳು. ಒಂಬತ್ತನೇ ಕ್ಲಾಸು, ಟಿ. ದಾಸರಹಳ್ಳಿಯಲ್ಲೇ ಸ್ಕೂಲು. ವಿಷಯ: ಕರ್ನಾಟಕದ ಬುಡಕಟ್ಟು ಜನ. ಚಾರ್ಟಿನ ನಟ್ಟನಡುವೆ ತಲೆ ತುಂಬ ಹದ್ದಿನ ಗರಿ ಸಿಕ್ಕಿಸಿಕೊಂಡು ಕುದುರೆ ಮೇಲೆ ಕೂತಿದ್ದ ಅಮೆರಿಕದ ಮೂಲನಿವಾಸಿ! ಕೆಳಗೆ ನಾಲ್ಕು ಸಾಲು: ಕಾಡಿನಲ್ಲಿ ವಾಸ, ಜೇನು ಕೀಳುತ್ತಾರೆ, ಪ್ರಕೃತಿ ಪೂಜೆ, ಕುಣಿತ.

"ಇದ್ಯಾರು ಪುಟ್ಟಿ?"

"ಟ್ರೈಬಲ್ ಅಂಕಲ್. ಗೂಗಲಲ್ಲಿ ಫಸ್ಟ್ ಇದೇ ಬಂತು."

ಅವಳ ತಪ್ಪಲ್ಲ ಬಿಡಿ. ನಾನು ಯಳಂದೂರು ಕಡೆಯವನು, ಬಿಳಿಗಿರಿರಂಗನ ಬೆಟ್ಟ ಕಾಣೋ ಊರು. ಹೈಸ್ಕೂಲಲ್ಲಿ ನನ್ನ ಪಕ್ಕ ಪೋಡಿನಿಂದ ಬರುತ್ತಿದ್ದ ಸೋಲಿಗರ ಹುಡುಗ ಕೂರುತ್ತಿದ್ದ. ಸಮಾಜ ಪಾಠದಲ್ಲಿ ಗಂಗರು ಬಂದರು, ಹೊಯ್ಸಳರು ಬಂದರು, ಒಡೆಯರು ಬಂದರು. ಅವನ ಕಡೆಯವರು ಬರಲೇ ಇಲ್ಲ. ಹತ್ತನೇ ಕ್ಲಾಸಿಗೆ ಮುಂಚೆ ಅವನೂ ಬರೋದು ಬಿಟ್ಟ. ಯಾಕೆ ಅಂತ ನಾವ್ಯಾರೂ ಕೇಳಲಿಲ್ಲ. ಬಿ.ಇ. ಮುಗಿಸಿ ಕೋಡ್ ಬರೆಯೋಕೆ ಶುರು ಮಾಡಿ ಎಷ್ಟೋ ವರ್ಷ ಆದಮೇಲೆ, ನಾನಾಗಿ ಹುಡುಕಿ ಓದಿದಾಗ, ಅವನ ಜನರ ಚರಿತ್ರೆ ನನಗೆ ಗೊತ್ತಾಯ್ತು.

ಪಾಠದಲ್ಲಿ ಏನೂ ಇಲ್ಲ ಅಂತ ನಾನು ಹೇಳ್ತಿಲ್ಲ. ಸಂತಾಲರ ದಂಗೆ ಇದೆ, ಹಲಗಲಿಯ ಬೇಡರಿದ್ದಾರೆ. ಸಂತೋಷ. ಆದರೆ ಬ್ರಿಟಿಷರು ಹೋಗುತ್ತಿದ್ದಂತೆ ಆದಿವಾಸಿಗಳೂ ಪಾಠದಿಂದ ಹೊರಟುಹೋಗ್ತಾರೆ. ಆಮೇಲೆ ಅವರೇನಾದರು? ಅಸಲಿ ಪಾಠ ಶುರುವಾಗೋದೇ ಅಲ್ಲಿಂದ.

ಬಿಳಿಗಿರಿ ಕಾಡು 1974ರಲ್ಲಿ ಅಭಯಾರಣ್ಯವಾಯ್ತು. ಸೋಲಿಗರ ಬೇಟೆ, ಬೇಸಾಯ ನಿಂತವು. ಒಣಗಿದ ಎಲೆಗೆ ಅವರು ಹಾಕುತ್ತಿದ್ದ ತರಗು ಬೆಂಕಿಯೂ ನಿಂತಿತು. ಆ ಬೆಂಕಿ ನಿಲ್ಲಿಸಿದ್ದಕ್ಕೇ ಲಂಟಾನ ಹಬ್ಬಿತು ಅನ್ನೋದು ಅವರ ಮಾತು. ಸಂಶೋಧಕರು ಅವರ ಜೊತೆ ಕೂತು ಅದನ್ನು ಅಧ್ಯಯನ ಮಾಡಿದ್ದಾರೆ. 2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂತು. 2011ರಲ್ಲಿ ಅದೇ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯ್ತು, ಅದೇ ವರ್ಷ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕೂ ಸಿಕ್ಕಿತು. ವಿಜ್ಞಾನ, ಕಾನೂನು, ಚರಿತ್ರೆ ಮೂರೂ ಇರೋ ಪಾಠ ಇದು. ನಾವು ಮಕ್ಕಳಿಗೆ ಹೇಳಿಕೊಡ್ತಿರೋದು ಮಾತ್ರ 'ಕುಣಿತ'.

ಇನ್ನು ಕರಾವಳಿಯ ಕೊರಗರು. ಮೇಲ್ಜಾತಿಯವರ ಕೆಡುಕು ಕಳೆಯಲಿ ಅಂತ ಕೂದಲು, ಉಗುರು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಿಸುತ್ತಿದ್ದರು. ಅದು ಅಜಲು ಪದ್ಧತಿಯ ಒಂದು ಮುಖ. ಇದನ್ನು ನಿಷೇಧಿಸೋಕೆ ನಮ್ಮ ರಾಜ್ಯಕ್ಕೆ ಕಾನೂನು ಬೇಕಾಗಿದ್ದು 2000ದಲ್ಲಿ. ಐಟಿ ಐಟಿ ಅಂತ ಬೆಂಗಳೂರು ಬೀಗುತ್ತಿದ್ದ ಕಾಲ! ಇದು 'ಹಳೇ ಕಾಲದ ಕಥೆ'ನಾ?

"ಸಿಲೆಬಸ್ಸೇ ಜಾಸ್ತಿ, ಇದಕ್ಕೆ ಮಾರ್ಕ್ಸ್ ಎಷ್ಟು?" ಅಂತಾರೆ. ನ್ಯೂಜಿಲೆಂಡಿನ ಮಕ್ಕಳಿಗೂ ಸಿಲೆಬಸ್ ಇದೆ ಸ್ವಾಮಿ. ಆದರೂ 2023ರಲ್ಲಿ ಆ ದೇಶ ಮಾವೊರಿಗಳ ಚರಿತ್ರೆಯೂ ಸೇರಿದಂತೆ ತನ್ನ ನೆಲದ ಚರಿತ್ರೆಯನ್ನು ಶಾಲೆಗಳಲ್ಲಿ ಕಡ್ಡಾಯ ಮಾಡಿತು. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡದವರು ಸುಮಾರು 42 ಲಕ್ಷ. ಇಷ್ಟು ಜನರಿಗೆ ಒಂದು ಅಧ್ಯಾಯದ ಜಾಗ ಇಲ್ವಾ?

"ಅದು ಅವರ ಮಕ್ಕಳಿಗೆ ಬೇಕು, ನಮ್ಮ ಮಕ್ಕಳಿಗ್ಯಾಕೆ?" ಅನ್ನೋರಿಗೆ ನನ್ನ ಜಗಳ ಜಾಸ್ತಿ. ಪೋಡಿನ ಮಗುವಿಗೆ ತನ್ನ ಕಾಡು ಗೊತ್ತು. ಗೊತ್ತಿಲ್ಲದೇ ಇರೋದು ನಮಗೆ. ವೀಕೆಂಡಿಗೆ ಸಫಾರಿಗೆ ಹೋಗೋರು ನಾವು. ದಸರಾ ಆನೆ ಜೊತೆ ಸೆಲ್ಫಿ ತಗೊಂಡು, ಅದರ ಪಕ್ಕ ನಿಂತ ಜೇನುಕುರುಬ ಮಾವುತನನ್ನು ಕ್ರಾಪ್ ಮಾಡೋರೂ ನಾವೇ. ನಾಳೆ ಕಾಡಿನ ಬಗ್ಗೆ ಪಾಲಿಸಿ ಬರೆಯೋ ಅಧಿಕಾರಿ ನಮ್ಮ ಮಕ್ಕಳಲ್ಲೇ ಒಬ್ಬರಾಗ್ತಾರೆ. ಅವರಿಗೆ ಗೊತ್ತಿರೋದು ಗರಿ ಮಾತ್ರ ಆದರೆ ಗತಿ ಏನು?

ಪುಟ್ಟಿ ಮತ್ತೆ ನಾನು ಕೂತು ಚಾರ್ಟ್ ಬದಲಾಯಿಸಿದ್ವಿ. ಗರಿ ಹೋಯ್ತು, 2011 ಬಂತು. "ಅಂಕಲ್, ನಿಮ್ಮ ಫ್ರೆಂಡ್ ಈಗ ಎಲ್ಲಿದ್ದಾರೆ?" ಅಂತ ಕೇಳಿದಳು. ನನ್ನ ಹತ್ರ ಉತ್ತರ ಇರಲಿಲ್ಲ.

ಮುಂದಿನ ಪೇರೆಂಟ್ಸ್ ಮೀಟಿಂಗಲ್ಲಿ ಮಾರ್ಕ್ಸ್ ಕೇಳಿದ ಮೇಲೆ ಇದನ್ನೂ ಒಂದ್ಸಲ ಕೇಳಿ: ನಮ್ಮ ರಾಜ್ಯದ ಆದಿವಾಸಿಗಳ ಬಗ್ಗೆ ಏನು ಹೇಳಿಕೊಡ್ತಿದ್ದೀರಿ?