ನಿನ್ ಹೊಟ್ಟೇನೇ ಸರಿ ಇಲ್ಲ ಬಿಡಪ್ಪ

ನಮ್ಮ ಕಡೆ ಹೊಟ್ಟೆ ಕೆಟ್ಟವನಿಗೆ ಎರಡು ಶಿಕ್ಷೆ. ಮೊದಲನೆಯದು ಹೊಟ್ಟೆನೋವು. ಎರಡನೆಯದು, ಅದಕ್ಕೆ ನೀನೇ ಕಾರಣ ಅನ್ನೋ ತೀರ್ಪು. ಚನ್ನಗಿರಿ ಕಡೆ ಮದುವೆ ಊಟ ಉಂಡು ಬಂದು ರಾತ್ರಿಯೆಲ್ಲ ಚೊಂಬು ಹಿಡಿದು ಓಡಾಡಲಿ, ಹೊನ್ನಾಳಿಯಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿಂದು ವಾಂತಿ ಮಾಡಿಕೊಳ್ಳಲಿ, ನ್ಯಾಮತಿ ಕಡೆ ಜಾತ್ರೆ ಮಜ್ಜಿಗೆ ಕುಡಿದು ಮಲಗಲಿ, ಜಗಳೂರಲ್ಲಿ ಕ್ಯಾನ್ ನೀರು ಕುಡಿದು ಬೇಧಿ ಹತ್ತಲಿ, ನಾಲ್ಕೂ ತಾಲ್ಲೂಕಿನಲ್ಲಿ ಸಿಗೋ ಮಾತು ಒಂದೇ: "ನಿನ್ ಹೊಟ್ಟೇನೇ ಸರಿ ಇಲ್ಲ ಬಿಡಪ್ಪ. ನಾವೂ ಅದನ್ನೇ ಉಂಡೀವಿ, ನಮಗೇನಾತು?"

ಸಾಫ್ಟ್‌ವೇರ್ ಬರೆಯೋ ನಮ್ಮ ಕಸುಬಿನಲ್ಲೂ ಇಂಥದೊಂದು ಮಾತಿದೆ. ಗಿರಾಕಿ ಹತ್ತಿರ ಪ್ರೋಗ್ರಾಂ ಕೈಕೊಟ್ಟಾಗ ಅದನ್ನ ಬರೆದ ಹುಡುಗ "ನನ್ನ ಸಿಸ್ಟಮ್ಮಲ್ಲಿ ಚೆನ್ನಾಗೇ ಓಡ್ತಿದೆಯಲ್ಲ ಸರ್" ಅಂತಾನೆ. ಆಫೀಸಿನಲ್ಲಿ ಅದಕ್ಕೆ ಎಲ್ಲರೂ ನಗ್ತಾರೆ. ಊರಿನಲ್ಲಿ ಮಾತ್ರ ಅದೇ ನ್ಯಾಯತೀರ್ಮಾನ. ನೂರು ಜನ ಉಂಡು ತೊಂಬತ್ತು ಜನ ಅರಗಿಸಿಕೊಂಡರೆ ಅಡುಗೆಗೆ ಸರ್ಟಿಫಿಕೇಟ್ ಸಿಕ್ಕಂತೆ. ಉಳಿದ ಹತ್ತು ಜನರ ಹೊಟ್ಟೆ ಒಂದು ಸುದ್ದಿ ಹೇಳ್ತಾ ಇದೆ, ಆ ಅಡುಗೆಮನೆಯಲ್ಲಿ, ಆ ನೀರಿನಲ್ಲಿ, ಬಡಿಸಿದ ಆ ಕೈಯಲ್ಲಿ ಏನೋ ಇತ್ತು ಅಂತ. ಅದನ್ನ ಕೇಳೋ ವ್ಯವಧಾನ ಯಾರಿಗೂ ಇಲ್ಲ.

ನನಗೆ ಡಾಕ್ಟರು ಐಬಿಎಸ್ ಅಂತ ಹೆಸರಿಟ್ಟು ಹತ್ತು ವರ್ಷ ದಾಟಿತು. ಕರುಳಿನಲ್ಲಿ ಗಾಯ ಕಾಣಲ್ಲ, ಸ್ಕ್ಯಾನಿಂಗಲ್ಲಿ ಏನೂ ಬರಲ್ಲ. ಆದರೆ ಬಸ್ಸು ಹತ್ತೋ ಮುಂಚೆ ಶೌಚಾಲಯ ಎಲ್ಲಿದೆ, ಅದಕ್ಕೆ ಚಿಲಕ ಇದೆಯಾ, ನಲ್ಲಿಯಲ್ಲಿ ನೀರು ಬರುತ್ತಾ ಅಂತ ನೋಡಿಕೊಂಡೇ ಹೊರಡಬೇಕು. ಒಮ್ಮೆ ಊಟ ತಿಂದು ಜ್ವರ, ವಾಂತಿ, ಬೇಧಿ ಎಲ್ಲ ಒಟ್ಟಿಗೆ ಬಂದು ಆಸ್ಪತ್ರೆಗೆ ಹೋದೆ. ಎಲ್ಲಿ ಏನು ತಿಂದಿರಿ ಅಂತ ಕೇಳಲಿಲ್ಲ. ಹಳೇ ಚೀಟಿ ನೋಡಿ "ನಿಮಗೆ ಮೊದಲೇ ಇತ್ತಲ್ಲ" ಅಂದರು. ಮುಗೀತು. ಐಬಿಎಸ್‌ಗೆ ಜ್ವರ ಬರಲ್ಲ ಸ್ವಾಮಿ. ಜ್ವರ ಬಂದರೆ, ಮಲದಲ್ಲಿ ರಕ್ತ ಹೋದರೆ, ತೂಕ ಇಳಿದರೆ ಅದು ಬೇರೆ ಏನೋ. ಹಳೇ ಕಾಯಿಲೆಯ ಹೆಸರಿನ ಕೆಳಗೆ ಹೊಸ ಕಾಯಿಲೆ ಹೂತುಹಾಕೋದು ಎಷ್ಟು ಸುಲಭ ನೋಡಿ.

ಇನ್ನು ಗ್ಯಾಸ್ಟ್ರಿಕ್ ಅನ್ನೋ ಪದ. ಎದೆ ಉರಿದರೆ ಗ್ಯಾಸ್ಟ್ರಿಕ್, ಪಿತ್ತಕೋಶದಲ್ಲಿ ಕಲ್ಲಿದ್ದರೂ ಗ್ಯಾಸ್ಟ್ರಿಕ್, ಹಾಲು ಅರಗದಿದ್ದರೂ ಗ್ಯಾಸ್ಟ್ರಿಕ್, ಹಾರ್ಟ್ ಅಟ್ಯಾಕ್ ಆದವನಿಗೂ ಮೊದಲರ್ಧ ಗಂಟೆ ಗ್ಯಾಸ್ಟ್ರಿಕ್ಕೇ. ಕಾರಣವೂ ಸಿದ್ಧ: ಹೊತ್ತಿಗೆ ಸರಿಯಾಗಿ ಉಣ್ಣಲ್ಲ, ಖಾರ ಜಾಸ್ತಿ, ಯೋಚನೆ ಜಾಸ್ತಿ. ಅಂದರೆ ತಪ್ಪು ನಿನ್ನ ನಡತೆಯದ್ದು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಹೊಟ್ಟೆಹುಣ್ಣಿಗೆ ಒಂದು ಬ್ಯಾಕ್ಟೀರಿಯಾ ಕಾರಣ ಅಂದಾಗ ದೊಡ್ಡ ದೊಡ್ಡ ಡಾಕ್ಟರುಗಳೇ ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನ ತಾನೇ ಕುಡಿದ. ಕೆಲವೇ ದಿನದಲ್ಲಿ ಜಠರ ಊದಿಕೊಂಡು ವಾಂತಿ ಶುರುವಾಯ್ತು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಆ ಹೆಲಿಕೋಬ್ಯಾಕ್ಟರ್ ಪೈಲೊರಿ ನಮ್ಮ ದೇಶದಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಹೊಟ್ಟೆಯಲ್ಲಿದೆ. ಬಹುಪಾಲು ಚಿಕ್ಕಂದಿನಲ್ಲೇ ಹತ್ತೋದು, ಎಂಜಲಿನಿಂದ, ಕೊಳಕು ಕೈಯಿಂದ, ಕೊಳಕು ನೀರಿನಿಂದ. ಎಲ್ಲರಿಗೂ ಹುಣ್ಣಾಗಲ್ಲ, ಕೆಲವರಿಗೆ ಆಗುತ್ತೆ. ಆದವರಿಗೆ ನಾವು ಇವತ್ತಿಗೂ ಖಾರ ಬಿಡು ಅಂತ ಬುದ್ಧಿ ಹೇಳ್ತೀವಿ.

ಗ್ಯಾಸ್ಟ್ರಿಕ್ ಅಂದಕೂಡಲೇ ಮೆಡಿಕಲ್ ಶಾಪಿನವರು ಒಂದು ಸ್ಟ್ರಿಪ್ ಕತ್ತರಿಸಿ ಕೊಡ್ತಾರೆ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ಇಂಥವು. ಒಳ್ಳೇ ಔಷಧಿಗಳೇ, ಬೇಕಾದವರಿಗೆ ಬೇಕೇ ಬೇಕು, ಡಾಕ್ಟರು ಬರೆದುಕೊಟ್ಟಿದ್ದರೆ ಈ ಲೇಖನ ಓದಿ ಬಿಡಬೇಡಿ. ಆದರೆ ವರ್ಷಗಟ್ಟಲೆ ದಿನಾ ಬೆಳಿಗ್ಗೆ ನುಂಗೋರಿಗೆ ಅಂಗಡಿಯಲ್ಲಿ ಯಾರೂ ಹೇಳದ ಒಂದು ಮಾತಿದೆ. ಹೊಟ್ಟೆಯ ಆಮ್ಲ ಉರಿ ಹಚ್ಚೋದಕ್ಕಷ್ಟೇ ಇರೋದಲ್ಲ. ಊಟದ ಜೊತೆ ಒಳಗೆ ನುಗ್ಗೋ ರೋಗಾಣುಗಳನ್ನ ಬಾಗಿಲಲ್ಲೇ ಕೊಲ್ಲೋದೂ ಅದೇ. ಈ ಮಾತ್ರೆ ಆ ಕಾವಲನ್ನ ಸಡಿಲ ಮಾಡುತ್ತೆ. ಸಾಲ್ಮೊನೆಲ್ಲಾ, ಕ್ಯಾಂಪೈಲೊಬ್ಯಾಕ್ಟರ್ ಥರದ ಸೋಂಕು ಇವರಿಗೆ ಹತ್ತೋ ಸಾಧ್ಯತೆ ಹೆಚ್ಚು. ಕ್ರಾನ್ಸ್, ಅಲ್ಸರೇಟಿವ್ ಕೊಲೈಟಿಸ್ ಇರೋರು ಇನ್ನೂ ಕಷ್ಟದಲ್ಲಿದ್ದಾರೆ, ಅವರಲ್ಲಿ ಹಲವರು ನುಂಗೋ ಔಷಧಿ ಮೈಯ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುತ್ತೆ. ಒಟ್ಟಿನಲ್ಲಿ ಹಳೇ ಹೊಟ್ಟೆರೋಗಿಗೆ ಊರಿನ ನೀರು, ಊಟ ಎಲ್ಲರಿಗಿಂತ ಶುದ್ಧವಾಗಿರಬೇಕು. ಸಿಗೋದು ಮಾತ್ರ ಎಲ್ಲರಿಗಿಂತ ಹೆಚ್ಚು ಬೈಗುಳ.

ಕಾಯಿಲೆ ಇನ್ನೊಂದು ದಾರಿಯಲ್ಲೂ ಬರುತ್ತೆ. ಒಮ್ಮೆ ಜೋರಾಗಿ ವಾಂತಿಬೇಧಿ ಆದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಆಮೇಲೆ ಐಬಿಎಸ್ ಅಂಟಿಕೊಳ್ಳುತ್ತೆ. ಕೆನಡಾದಲ್ಲಿ ವಾಕರ್ಟನ್ ಅಂತ ಒಂದು ಊರಿದೆ, ಐದು ಸಾವಿರ ಜನಸಂಖ್ಯೆ, ನಮ್ಮ ಒಂದು ದೊಡ್ಡ ಹಳ್ಳಿಯಷ್ಟು. 2000ನೇ ಇಸವಿ ಮೇ ತಿಂಗಳಲ್ಲಿ ಜೋರು ಮಳೆ ಬಂದು ಹೊಲದ ಸಗಣಿಗೊಬ್ಬರ ಊರ ನೀರಿನ ಬಾವಿಗೆ ಇಳಿಯಿತು. ಕ್ಲೋರಿನ್ ಸರಿಯಾಗಿ ಹಾಕದೆ ಪುಸ್ತಕದಲ್ಲಿ ಸುಳ್ಳು ಲೆಕ್ಕ ಬರೆದಿದ್ದರು. ಏಳು ಜನ ಸತ್ತರು, 2300 ಜನ ಮಲಗಿದರು. ಅಲ್ಲಿಯವರು ಸತ್ತವರನ್ನ ಎಣಿಸಿ ಕೈತೊಳೆದುಕೊಳ್ಳಲಿಲ್ಲ. ವರ್ಷಗಟ್ಟಲೆ ಆ ಊರಿನ ಜನರ ಹೊಟ್ಟೆ ವಿಚಾರಿಸಿದರು. ಎರಡು ಮೂರು ವರ್ಷ ಆದಮೇಲೂ, ಬೇಧಿಯಾಗಿದ್ದು ಆಸ್ಪತ್ರೆ ದಾಖಲೆಯಲ್ಲಿ ಖಚಿತವಾಗಿದ್ದವರಲ್ಲಿ ಮೂರರಲ್ಲೊಬ್ಬರಿಗೆ ಐಬಿಎಸ್ ಇತ್ತು. ಕಾಯಿಲೆ ಬೀಳದವರಲ್ಲಿ ಹತ್ತರಲ್ಲೊಬ್ಬರಿಗೆ. ಎಂಟು ವರ್ಷ ಕಳೆದರೂ ಆ ವ್ಯತ್ಯಾಸ ಪೂರ್ತಿ ಹೋಗಿರಲಿಲ್ಲ.

ಈಗ ನಮ್ಮ ಪಕ್ಕಕ್ಕೆ ಬನ್ನಿ. 2023ರ ಜುಲೈ ಕೊನೆ, ಆಗಸ್ಟ್ ಮೊದಲ ವಾರ, ಚಿತ್ರದುರ್ಗದ ಕವಾಡಿಗರಹಟ್ಟಿ. ನಲ್ಲಿ ನೀರು ಕುಡಿದವರು ಸತ್ತರು, ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಜಗಳೂರು 1997ರ ತನಕ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು, ಅವರು ನಮಗೆ ಬೇರೆಯವರೇನಲ್ಲ. ಅದಕ್ಕೂ ಮುಂಚೆ 2021ರಲ್ಲಿ ಹೂವಿನಹಡಗಲಿ ತಾಲ್ಲೂಕಿನ ಮಕರಬ್ಬಿ. ಆಮೇಲೆ 2024ರ ಜೂನ್‌ನಲ್ಲಿ ಮಧುಗಿರಿ ತಾಲ್ಲೂಕಿನ ಚಿನ್ನೇನಹಳ್ಳಿ, ಅಲ್ಲಿ ಊರ ಜಾತ್ರೆ ಆದ ಬೆನ್ನಲ್ಲೇ. ಪ್ರತಿ ಸಲವೂ ಅದೇ ಸಾಲು: ಸಾವು, ಮಂತ್ರಿಗಳ ಭೇಟಿ, ಒಂದಿಬ್ಬರ ಅಮಾನತು, ಪರಿಹಾರದ ಚೆಕ್ಕು, ಟ್ಯಾಂಕಿಗೆ ಸುಣ್ಣ. ಆಸ್ಪತ್ರೆಯಿಂದ ಮನೆಗೆ ಹೋದವನು 'ಗುಣಮುಖ'. ಅವನು ಮೂರು ವರ್ಷದಿಂದ ಅನ್ನ ಉಂಡು ಓಡ್ತಾ ಇದ್ದರೆ? ಅದು ಅವನ ಹೊಟ್ಟೆ ಕತೆ. ಅವನಿಗೆ ಸಿಗೋ ಮಾತು ಗೊತ್ತೇ ಇದೆಯಲ್ಲ.

"ಮನೆ ಊಟ ಮಾಡ್ರಿ, ಹೊರಗಡೆ ತಿನ್ಬ್ಯಾಡ್ರಿ" ಅನ್ನೋದು ಅತಿ ದೊಡ್ಡ ಉಪದೇಶ. ಹೇಳೋರು ಸಾಮಾನ್ಯವಾಗಿ ಮನೆಯಲ್ಲಿ ಬಿಸಿಬಿಸಿ ಬಡಿಸಿಕೊಂಡು ಉಣ್ಣೋ ಗಂಡಸರು. ಬೆಳಿಗ್ಗೆ ಆರಕ್ಕೆ ಬುತ್ತಿ ಕಟ್ಟಿಕೊಂಡು ಅಡಿಕೆ ಸುಲಿಯೋಕೆ ಹೋಗೋ ಚನ್ನಗಿರಿ ಕಡೆ ಹೆಣ್ಣುಮಕ್ಕಳು ಮಧ್ಯಾಹ್ನ ಎರಡಕ್ಕೆ ಉಣ್ಣೋದು ಮನೆ ಊಟವೇ. ಅನ್ನ ಕುದಿಸಿದರೂ ಸಾಯದ ಬೀಜಕಣಗಳಿವೆ, ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ್ದು. ಅನ್ನ ಬೆಚ್ಚಗೆ ಗಂಟೆಗಟ್ಟಲೆ ಕೂತರೆ ಅದು ಮೊಳೆತು ವಿಷ ಬಿಡುತ್ತೆ, ವಾಂತಿ ತರಿಸೋ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗಲ್ಲ. ಮದುವೆಮನೆಯಲ್ಲಿ ಆಗೋದೂ ಇದೇ. ಬೆಳಗಿನ ಜಾವ ಇಳಿಸಿದ ಕೊಪ್ಪರಿಗೆ ಅನ್ನ ಮಧ್ಯಾಹ್ನ ಮೂರರ ಪಂಕ್ತಿಗೂ ಬರುತ್ತೆ. ಕೈಗೆ ಗಾಯ ಆದ ಹುಡುಗ ಖೋವಾ ಸಿಹಿ ಕಟ್ಟಿರ್ತಾನೆ, ಸ್ಟ್ಯಾಫಿಲೊಕಾಕಸ್ ವಿಷವೂ ಬಿಸಿಗೆ ಜಗ್ಗಲ್ಲ. ನಾನು ಹೋದರೆ ಮೊದಲ ಪಂಕ್ತಿ, ಹಬೆಯಾಡೋ ಅನ್ನ, ಕುದಿಯೋ ಸಾರು ಅಷ್ಟೇ. ಕೋಸಂಬರಿ, ಐಸ್ ಹಾಕಿದ ಮಜ್ಜಿಗೆ ಎಲೆ ಹತ್ರ ಬಂದರೆ ಕೈ ಅಡ್ಡ ಹಿಡೀತೀನಿ. ಬೀಗರು ಮುಖ ಊದಿಸಿಕೊಳ್ತಾರೆ, ಊದಿಸಿಕೊಳ್ಳಲಿ.

ಆದರೆ ನೀರನ್ನ ಕೈ ಅಡ್ಡ ಹಿಡಿದು ತಡೆಯೋಕಾಗಲ್ಲ. ಹೊನ್ನಾಳಿಗೆ ಬರೋ ತುಂಗಭದ್ರೆ ಮೇಲೆ ಶಿವಮೊಗ್ಗ ದಾಟಿ, ಕೂಡಲಿಯಲ್ಲಿ ಭದ್ರೆಯನ್ನ ಕೂಡಿಕೊಂಡು ಬರ್ತಾಳೆ, ಪಟ್ಟಣದ ಚರಂಡಿಯ ಪಾಲನ್ನೂ ಹೊತ್ತುಕೊಂಡು. 2024ರ ನವೆಂಬರಿನಲ್ಲಿ ಶೃಂಗೇರಿಯಿಂದ ಹರಿಹರದ ತನಕ ನದಿ ಉಳಿಸಿ ಅಂತ ಪಾದಯಾತ್ರೆಯೇ ಆಯ್ತು. ಜಗಳೂರಿಗೆ ಬೇರೆ ಕಷ್ಟ. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡು, ಅದಕ್ಕೆ ಶುದ್ಧ ನೀರಿನ ಘಟಕ, ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳೋದು. ಆರ್‌ಒ ಯಂತ್ರ ಫ್ಲೋರೈಡ್ ತೆಗೆಯುತ್ತೆ, ಅದರ ಜೊತೆ ಕ್ಲೋರಿನ್ನೂ ಉಳಿಯಲ್ಲ. ಪಾಚಿ ಕಟ್ಟಿದ ಕ್ಯಾನಿಗೆ ಆ ನೀರು ಬಿದ್ದು ಎರಡು ದಿನ ಮನೆಯಲ್ಲಿ ಕೂತರೆ, ಕೈ ಅದ್ದಿದ ಲೋಟದಿಂದ ಬಂದದ್ದನ್ನ ಕೊಲ್ಲೋಕೆ ಅದರಲ್ಲಿ ಏನೂ ಇರಲ್ಲ. ತುಂಗಭದ್ರೆಯಿಂದ 57 ಕೆರೆ ತುಂಬಿಸೋ ಯೋಜನೆ ಬಗ್ಗೆ ಎಷ್ಟು ಭಾಷಣ ಆದವೋ, ಕ್ಯಾನು ತೊಳೆಯೋದರ ಬಗ್ಗೆ ಒಂದೂ ಕೇಳಿಲ್ಲ.

ಸರ್ಕಾರ ಏನೂ ಮಾಡಲ್ಲ ಅಂತ ನಾನು ಹೇಳ್ತಿಲ್ಲ. 2024ರ ಮಾರ್ಚಿನಲ್ಲಿ ಗೋಬಿ ಮಂಚೂರಿಯ 171 ಮಾದರಿ ಪರೀಕ್ಷೆ ಮಾಡಿದರು, 107ರಲ್ಲಿ ಹಾಕಬಾರದ ಬಣ್ಣ ಸಿಕ್ಕಿತು, ತಕ್ಷಣ ನಿಷೇಧ ಬಂತು. ಸಂತೋಷ. ಬಣ್ಣ ಕಣ್ಣಿಗೆ ಕಾಣುತ್ತೆ, ಟೀವಿಯಲ್ಲಿ ತೋರಿಸೋಕೂ ಚೆನ್ನ. ಗೋಬಿ ಗಾಡಿಯವನ ಬಕೆಟ್ಟಿನ ನೀರು ಕಾಣಲ್ಲ. ಬೆಳಿಗ್ಗೆಯಿಂದ ರಾತ್ರಿವರೆಗೆ ಒಂದೇ ಬಕೆಟ್ಟಿನಲ್ಲಿ ತಟ್ಟೆ ಅದ್ದೋ ಅವನನ್ನ ಬೈಯೋದೂ ನನಗೆ ಸರಿ ಕಾಣಲ್ಲ. ದಿನಾ ಅವನ ಹತ್ರ ಸುಂಕ ವಸೂಲಿ ಮಾಡೋರು ಒಂದು ನಲ್ಲಿ, ಒಂದು ಚರಂಡಿ ಕೊಟ್ಟಿದ್ದಾರಾ?

ಕಾಯ್ದೆಗೇನೂ ಬರ ಇಲ್ಲ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ 2006ರದ್ದು, ಜಾರಿಯಾಗಿದ್ದು 2011ರಲ್ಲಿ. ಅದರ 65ನೇ ಕಲಮಿನಲ್ಲಿ ಪರಿಹಾರ ಇದೆ: ಸತ್ತರೆ ಕಡಿಮೆ ಅಂದರೆ ಐದು ಲಕ್ಷ, ತೀವ್ರ ಹಾನಿಯಾದರೆ ಮೂರು ಲಕ್ಷದವರೆಗೆ, ಉಳಿದದ್ದಕ್ಕೆ ಒಂದು ಲಕ್ಷದವರೆಗೆ. ತಗೊಳ್ಳಬೇಕಾದರೆ ಆ ಊಟದಿಂದಲೇ ಆಯ್ತು ಅಂತ ತೋರಿಸಬೇಕು. ಚೀಟಿಯಲ್ಲಿ "ಮೊದಲೇ ಇತ್ತು" ಅಂತ ಬರೆಸಿಕೊಂಡವನು ಹೇಗೆ ತೋರಿಸ್ತಾನೆ? 40ನೇ ಕಲಮಿನ ಪ್ರಕಾರ ಕೊಂಡವನೇ ದುಡ್ಡು ಕಟ್ಟಿ ಆಹಾರ ಪರೀಕ್ಷೆ ಮಾಡಿಸಬಹುದು. ಒಂದು ಷರತ್ತು: ಕೊಳ್ಳೋವಾಗಲೇ ಮಾರೋನಿಗೆ ಹೇಳಬೇಕು. "ಅಣ್ಣ, ಒಂದು ಪ್ಲೇಟ್ ಮಂಡಕ್ಕಿ ಕೊಡು, ಇದನ್ನ ಲ್ಯಾಬಿಗೆ ಕಳಿಸ್ತೀನಿ" ಅಂತ ಹೊನ್ನಾಳಿಯಲ್ಲಿ ಒಮ್ಮೆ ಕೇಳಿ ನೋಡಿ, ಆಮೇಲೆ ಏನಾಯ್ತು ಅಂತ ಬರೆಯಿರಿ. ನನಗೆ ಬೇಕಾದ್ದು 35ನೇ ಕಲಮು. ಒಂದು ಪ್ರದೇಶದ ಡಾಕ್ಟರುಗಳೆಲ್ಲ ತಮ್ಮ ಕಣ್ಣಿಗೆ ಬಿದ್ದ ಪ್ರತಿ ವಿಷಾಹಾರ ಪ್ರಕರಣವನ್ನ ವರದಿ ಮಾಡಬೇಕು ಅಂತ ಅಧಿಸೂಚನೆ ಹೊರಡಿಸೋ ಅಧಿಕಾರ ಅದರಲ್ಲಿದೆ. ಅದನ್ನ ಈ ನಾಲ್ಕು ತಾಲ್ಲೂಕಿಗೆ ಹೊರಡಿಸಲಿ. ವರದಿಯಲ್ಲಿ ಮೊದಲೇ ಹೊಟ್ಟೆರೋಗ ಇರೋರನ್ನೂ ಸೇರಿಸಲಿ, ಬಿಡೋದು ಬೇಡ. ಆರು ತಿಂಗಳ ನಂತರ ಆಶಾ ಕಾರ್ಯಕರ್ತೆ ಮನೆಗೆ ಹೋಗಿ ಹೊಟ್ಟೆ ಹೇಗಿದೆ ಅಂತ ಒಂದು ಪ್ರಶ್ನೆ ಕೇಳಲಿ, ಆ ಕೆಲಸಕ್ಕೆ ಅವರಿಗೆ ದುಡ್ಡೂ ಕೊಡಲಿ. ಆ ಲೆಕ್ಕ ಒಂದು ವರ್ಷ ಸೇರಿದರೆ ಸಾಕು, ಯಾವ ಟ್ಯಾಂಕು, ಯಾವ ಛತ್ರ, ಯಾವ ಹಾಸ್ಟೆಲ್ಲು ಅಂತ ತಾನಾಗೇ ಎದ್ದು ಕಾಣುತ್ತೆ. ಲಾಗ್ ಇಲ್ಲದೆ ದೋಷ ಹುಡುಕೋಕೆ ನಮಗೂ ಬರಲ್ಲ.

ಅಷ್ಟೆಲ್ಲ ಆಗೋ ತನಕ ಕಾಯಬೇಕಾಗಿಯೂ ಇಲ್ಲ. ಪ್ರತಿ ಫೆಬ್ರುವರಿ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಸೇವಾಲಾಲರ ಜಾತ್ರೆಗೆ ದೇಶದ ಮೂಲೆಮೂಲೆಯಿಂದ ಜನ ಸೇರ್ತಾರೆ. ವಯಸ್ಸಾದವರು, ಬಸುರಿಯರು, ಸಕ್ಕರೆ ಕಾಯಿಲೆಯವರು, ದಿನಾ ಮಾತ್ರೆ ನುಂಗಿ ಹೊಟ್ಟೆ ಕಾವಲು ಸಡಿಲವಾದವರು ಎಲ್ಲರೂ ಅಲ್ಲಿ ಇರ್ತಾರೆ. ಒಂದು ಗಾಜಿನ ಕೊಳವೆಗೆ ಟ್ಯಾಂಕರ್ ನೀರು ಹಿಡಿದು ಎರಡು ಹನಿ ದ್ರಾವಣ ಬಿಟ್ಟರೆ ಕ್ಲೋರಿನ್ ಇದ್ದ ನೀರು ಹಳದಿ ಆಗುತ್ತೆ. ಲೀಟರಿಗೆ 0.2 ಮಿಲಿಗ್ರಾಂ ಇರಬೇಕು ಅಂತ ಮಾನದಂಡ, ನೋಡೋಕೆ ಐದು ನಿಮಿಷ ಹಿಡಿಯಲ್ಲ. ಎಷ್ಟೋ ಪಂಚಾಯ್ತಿ ನೀರುಗಂಟಿಗಳಿಗೆ ಈ ಕೆಲಸ ಗೊತ್ತು. ಅಲ್ಲಿರಲಿ, ಜಗಳೂರಿನ ಕೊಡದಗುಡ್ಡದ ವೀರಭದ್ರಸ್ವಾಮಿ ಜಾತ್ರೆಯಲ್ಲಿರಲಿ, ಹಳದಿ ಬಾರದ ಟ್ಯಾಂಕರನ್ನ ಪ್ರಸಾದದ ಕೊಪ್ಪರಿಗೆ ಹತ್ರ ಬಿಡಬೇಡಿ. ಇದನ್ನ ಒಂದು ವರ್ಷ ಮಾಡಿ, ಆಮೇಲೆ ಯಾರ ಹೊಟ್ಟೆ ಸರಿ ಇಲ್ಲ ಅಂತ ಕೂತು ಮಾತಾಡೋಣ.