ಬ್ಯಾಕಪ್ ಇದ್ದರೆ ಸಾಲದು, ಅದು ಮರಳಿ ಬರಬೇಕು

ವ್ಯಾಪಾರಿಗಳಾದ ನಮಗೆ ಲೆಕ್ಕದ ಪುಸ್ತಕದ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕಿರ್ದಿ, ಖಾತೆಗಳನ್ನು ತಿಜೋರಿಯಲ್ಲಿಟ್ಟು ಕಾಪಾಡಿ, ದೀಪಾವಳಿಯಂದು ಅವುಗಳಿಗೆ ಪೂಜೆ ಸಲ್ಲಿಸುತ್ತಾ ಬಂದವರು ನಾವು. ಆದರೆ ಇಂದು ಗ್ರಾಹಕರ ಬೇಡಿಕೆ, ದರಪಟ್ಟಿ, ಡೀಲರುಗಳ ಬಾಕಿ, ಮುಂಗಡದ ವಿವರ ಇವೆಲ್ಲವೂ ಅಂತರ್ಜಾಲ ತಾಣದ ಹಿಂದಿರುವ ಸರ್ವರಿನಲ್ಲಿ ಸೇರಿಕೊಂಡಿವೆ. ಆ ಸರ್ವರಿಗೆ ತಿಜೋರಿ ಯಾವುದು ಎಂಬ ಪ್ರಶ್ನೆಯನ್ನು ನಮ್ಮಲ್ಲಿ ಅನೇಕರು ಕೇಳಿಕೊಂಡಿಲ್ಲ. ಕೇಳಿಕೊಂಡವರೂ ‘ಬ್ಯಾಕಪ್ ಆಗುತ್ತಿದೆ’ ಎಂಬ ಉತ್ತರಕ್ಕೆ ತೃಪ್ತರಾಗಿಬಿಡುತ್ತಾರೆ. ನಾನೂ ಹಾಗೆಯೇ ತೃಪ್ತನಾಗಿದ್ದೆ. ಆ ತೃಪ್ತಿಗೆ ನಾನು ತೆತ್ತ ಬೆಲೆಯನ್ನು ಸದಸ್ಯ ಬಾಂಧವರ ಮುಂದಿಡುವುದು ಈ ಲೇಖನದ ಉದ್ದೇಶ.

ನಮ್ಮದು ಪಂಪುಗಳ ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಘಟಕ. ಡೀಲರುಗಳು ತಮ್ಮ ಬೇಡಿಕೆಗಳನ್ನು ನಮ್ಮ ತಾಣದಲ್ಲಿಯೇ ದಾಖಲಿಸುವ ವ್ಯವಸ್ಥೆಯನ್ನು ಕೆಲವು ವರ್ಷಗಳ ಹಿಂದೆ ಮಾಡಿಕೊಂಡೆವು. ಸರ್ವರ್ ನಮ್ಮ ಕಚೇರಿಯಲ್ಲಿಯೇ ಇತ್ತು. ಅದರ ಪಕ್ಕದಲ್ಲಿ, ಕಚೇರಿಯ ನೆಟ್‌ವರ್ಕಿಗೆ ಜೋಡಿಸಿದ ಎರಡು ಹಾರ್ಡ್ ಡಿಸ್ಕುಗಳ ಸಂಗ್ರಹ ಪೆಟ್ಟಿಗೆ, ಅಂದರೆ ತಂತ್ರಜ್ಞರು ‘ನ್ಯಾಸ್’ ಎಂದು ಕರೆಯುವ ಸಾಧನ ಇತ್ತು. ಪ್ರತಿದಿನ ರಾತ್ರಿ 2 ಗಂಟೆಗೆ ಸರ್ವರಿನ ಕಡತಗಳ ಪ್ರತಿಯೊಂದು ತಾನಾಗಿಯೇ ನ್ಯಾಸ್‌ಗೆ ಹೋಗಿ ಸೇರುತ್ತಿತ್ತು.

ಒಂದು ದಿನ ವಿದ್ಯುತ್ ಹೋಗಿ ಬಂದಿತು. ಸರ್ವರ್ ಬೇಗ ಚಾಲನೆಗೊಂಡಿತು. ನ್ಯಾಸ್ ಸ್ವಲ್ಪ ತಡವಾಗಿ ಚಾಲನೆಗೊಂಡಿತು. ಸರ್ವರ್ ಹುಡುಕಿದ ಕ್ಷಣದಲ್ಲಿ ನ್ಯಾಸ್ ನೆಟ್‌ವರ್ಕಿನಲ್ಲಿ ಇರಲಿಲ್ಲವಾದ್ದರಿಂದ ಅವೆರಡರ ಜೋಡಣೆ ಆಗಲಿಲ್ಲ. ಆದರೆ ನ್ಯಾಸ್ ಬಂದು ಸೇರಬೇಕಾಗಿದ್ದ ಜಾಗದಲ್ಲಿ ಅದೇ ಹೆಸರಿನ ಖಾಲಿ ಫೋಲ್ಡರೊಂದು ಸರ್ವರಿನ ಸ್ವಂತ ಡಿಸ್ಕಿನಲ್ಲಿತ್ತು. ರಾತ್ರಿಯ ಕೆಲಸವು ಪ್ರತಿಗಳನ್ನು ಅಲ್ಲಿಯೇ ಬರೆಯುತ್ತಾ ಹೋಯಿತು. ಯಂತ್ರದ ದೃಷ್ಟಿಯಲ್ಲಿ ಕೆಲಸ ಸರಿಯಾಗಿಯೇ ಮುಗಿದಿದ್ದುದರಿಂದ ದೋಷದ ಸೂಚನೆಯೂ ಬರಲಿಲ್ಲ. ನಾಲ್ಕು ತಿಂಗಳ ನಂತರ ಸರ್ವರಿನ ಡಿಸ್ಕ್ ಕೆಟ್ಟಿತು. ಮೂಲವೂ ನಾಲ್ಕು ತಿಂಗಳ ಪ್ರತಿಗಳೂ ಒಟ್ಟಿಗೇ ಹೋದವು. ನ್ಯಾಸ್ ತೆರೆದು ನೋಡಿದರೆ ಕೊನೆಯ ಪ್ರತಿ ವಿದ್ಯುತ್ ಹೋದ ದಿನದ ಹಿಂದಿನ ರಾತ್ರಿಯದು.

ಹದಿನೈದು ದಿನ ಡೀಲರುಗಳಿಗೆ ಒಬ್ಬೊಬ್ಬರಾಗಿ ದೂರವಾಣಿ ಮಾಡಿ, ಅವರ ಬಳಿಯಿದ್ದ ಚೀಟಿಗಳ ಆಧಾರದಿಂದ ಬೇಡಿಕೆಗಳನ್ನು ಮತ್ತೆ ಬರೆದುಕೊಂಡೆವು. ಮುಂಗಡದ ಲೆಕ್ಕ ತಾಳೆಯಾಗದ ಕಡೆ ಅವರು ಹೇಳಿದ್ದನ್ನೇ ಒಪ್ಪಬೇಕಾಯಿತು. ಹಣದ ನಷ್ಟಕ್ಕಿಂತ ಹೆಚ್ಚಾಗಿ ನೋವಾದದ್ದು, ‘ನಿಮ್ಮ ಬಳಿ ಲೆಕ್ಕವೇ ಇಲ್ಲವೇ?’ ಎಂದು ಹಳೆಯ ಡೀಲರೊಬ್ಬರು ಕೇಳಿದಾಗ.

ಇದು ಸಣ್ಣ ಘಟಕಗಳ ಅಜ್ಞಾನದಿಂದ ಮಾತ್ರ ಆಗುವ ಪ್ರಮಾದವೆಂದು ತಿಳಿಯಬಾರದು. ತಂತ್ರಾಂಶ ರಚಿಸುವವರಿಗೇ ಸೇವೆ ನೀಡುವ ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ 2017ರ ಜನವರಿ 31ರಂದು ತಂತ್ರಜ್ಞರೊಬ್ಬರು ತಪ್ಪು ಸರ್ವರಿನಲ್ಲಿ ಡೇಟಾಬೇಸ್ ಅಳಿಸಿಬಿಟ್ಟರು. ಅಲ್ಲಿ ಬ್ಯಾಕಪ್ಪಿಗಾಗಿ ಹಲವು ವ್ಯವಸ್ಥೆಗಳಿದ್ದವು. ಅಗತ್ಯ ಬಿದ್ದಾಗ ಅವು ನೆಚ್ಚಿದಂತೆ ಕೆಲಸ ಮಾಡಲಿಲ್ಲ. ಬ್ಯಾಕಪ್ ವಿಫಲವಾಗುತ್ತಿದೆ ಎಂದು ತಿಳಿಸಬೇಕಾದ ಮಿಂಚಂಚೆಗಳೂ ತಲುಪುತ್ತಿರಲಿಲ್ಲ. ಸುಮಾರು ಆರು ಗಂಟೆ ಮುಂಚೆ ಬೇರೊಂದು ಕೆಲಸಕ್ಕಾಗಿ ತೆಗೆದಿದ್ದ ಪ್ರತಿಯೊಂದು ಅವರನ್ನು ಉಳಿಸಿತು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಸಂಸ್ಥೆಯ ಸರ್ವರ್ ಕೇಂದ್ರವೊಂದು ಬೆಂಕಿಗೆ ಆಹುತಿಯಾದಾಗ, ಬ್ಯಾಕಪ್ ಪ್ರತಿಯೂ ಅದೇ ಆವರಣದಲ್ಲಿದ್ದ ಗ್ರಾಹಕರು ಎರಡನ್ನೂ ಕಳೆದುಕೊಂಡರು. ‘ಹೋಸ್ಟಿಂಗ್ ಸಂಸ್ಥೆಯವರೇ ನೋಡಿಕೊಳ್ಳುತ್ತಾರೆ’ ಎಂದು ನಂಬಿ ಕುಳಿತವರು ಈ ಘಟನೆಯನ್ನು ನೆನಪಿನಲ್ಲಿಡುವುದು ಒಳ್ಳೆಯದು.

ನ್ಯಾಸ್ ಖರೀದಿಸಬಾರದೆಂದು ನಾನು ಹೇಳುತ್ತಿಲ್ಲ. ನಮ್ಮಂಥವರಿಗೆ ಅದು ಅತ್ಯಂತ ಉಪಯುಕ್ತ ಸಾಧನ. ಆದರೆ ಪೆಟ್ಟಿಗೆ ತಂದಿಟ್ಟ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ತಂತ್ರಜ್ಞರನ್ನು ಮಾಲೀಕರು ಕೇಳಲೇಬೇಕಾದ ಕೆಲವು ಸಂಗತಿಗಳಿವೆ.

ಮೊದಲನೆಯದಾಗಿ, ಪ್ರತಿಯನ್ನು ಸರ್ವರ್ ಕಳುಹಿಸುತ್ತದೆಯೋ ನ್ಯಾಸ್ ತಾನೇ ಬಂದು ತೆಗೆದುಕೊಳ್ಳುತ್ತದೆಯೋ? ನ್ಯಾಸ್ ಸದಾ ಸರ್ವರಿಗೆ ಜೋಡಣೆಯಾಗಿದ್ದು, ಅದರಲ್ಲಿ ಬರೆಯುವ, ಅಳಿಸುವ ಅಧಿಕಾರ ಸರ್ವರಿಗೆ ಇದ್ದರೆ, ಸರ್ವರಿನೊಳಗೆ ನುಸುಳಿದ ದುಷ್ಕರ್ಮಿಗೂ ಆ ಅಧಿಕಾರ ದೊರೆಯುತ್ತದೆ. ಅಂಗಡಿಯ ಬಾಗಿಲಿಗೇ ತಿಜೋರಿಯ ಕೀಲಿಯನ್ನು ನೇತುಹಾಕಿದಂತೆ ಇದು. ನ್ಯಾಸ್ ತಾನೇ ಸರ್ವರಿಗೆ ಪ್ರವೇಶಿಸಿ, ಕೇವಲ ಓದುವ ಅಧಿಕಾರದಿಂದ ಪ್ರತಿ ತರುವಂತೆ ಮಾಡುವುದು ಮೇಲು. ನ್ಯಾಸ್‌ನ ಗುಪ್ತಪದ ಸರ್ವರಿಗೆ ತಿಳಿದಿರಲೇಬಾರದು. ನಮ್ಮಲ್ಲಾದಂತಹ ಜೋಡಣೆಯ ಪ್ರಮಾದಕ್ಕೂ ಆಗ ಅವಕಾಶವಿರುವುದಿಲ್ಲ. ಬದಲಾದ ಭಾಗವನ್ನು ಮಾತ್ರ ತರುವ ಆರ್‌ಸಿಂಕ್ ಎಂಬ ಉಚಿತ ತಂತ್ರಾಂಶ 1996ರಿಂದಲೂ ಬಳಕೆಯಲ್ಲಿದೆ.

ಎರಡನೆಯದಾಗಿ, ಡೇಟಾಬೇಸನ್ನು ಹೇಗೆ ನಕಲಿಸಲಾಗುತ್ತಿದೆ? ಬೇಡಿಕೆಗಳು ದಾಖಲಾಗುತ್ತಿರುವಾಗಲೇ ಅದರ ಕಡತಗಳನ್ನು ಹಾಗೆಯೇ ನಕಲಿಸಿದರೆ ಅರ್ಧ ಹಳೆಯ, ಅರ್ಧ ಹೊಸ ಪುಟಗಳ ಪುಸ್ತಕ ಸಿಕ್ಕಂತಾಗುತ್ತದೆ. ಮೊದಲು ಡೇಟಾಬೇಸಿನದೇ ಉಪಕರಣದಿಂದ ಒಂದು ಕ್ಷಣದ ಪೂರ್ಣ ಪ್ರತಿಯನ್ನು ತೆಗೆದು, ಆನಂತರ ಅದನ್ನು ನ್ಯಾಸ್‌ಗೆ ಸಾಗಿಸಬೇಕು.

ಮೂರನೆಯದಾಗಿ, ‘ನ್ಯಾಸ್‌ನಲ್ಲಿ ಎರಡು ಡಿಸ್ಕುಗಳಿವೆ, ಭಯವಿಲ್ಲ’ ಎಂಬ ಮಾತನ್ನು ಪೂರ್ತಿ ನಂಬಬಾರದು. ಒಂದು ಡಿಸ್ಕ್ ಕೆಟ್ಟರೆ ಇನ್ನೊಂದು ನಡೆಸುತ್ತದೆ, ನಿಜ. ಆದರೆ ಒಂದರಲ್ಲಿ ಅಳಿಸಿದ್ದು ಮರುಕ್ಷಣವೇ ಇನ್ನೊಂದರಲ್ಲಿಯೂ ಅಳಿಯುತ್ತದೆ. ಕಳ್ಳತನ, ಬೆಂಕಿ, ಮಳೆನೀರು ಎರಡನ್ನೂ ಒಟ್ಟಿಗೇ ಕೊಂಡೊಯ್ಯುತ್ತವೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಸ್ಥಳದಲ್ಲಿ ಎಂಬ ಪ್ರಸಿದ್ಧ ಸೂತ್ರ ಹುಟ್ಟಿದ್ದು ಇದೇ ಕಾರಣಕ್ಕೆ. ವಾರಕ್ಕೊಮ್ಮೆ ಪ್ರತಿ ತೆಗೆದು ಮನೆಯ ಬೀರುವಿನಲ್ಲಿಡುವ ಹೊರಗಿನ ಡಿಸ್ಕೊಂದು ಸಾಕು. ಅದು ಯಾವ ನೆಟ್‌ವರ್ಕಿಗೂ ಸಿಗುವುದಿಲ್ಲ. ಹಾಗೆಯೇ ನ್ಯಾಸನ್ನು ಅಂತರ್ಜಾಲಕ್ಕೆ ನೇರವಾಗಿ ತೆರೆದಿಡಬಾರದು. 2022ರಲ್ಲಿ ಡೆಡ್‌ಬೋಲ್ಟ್ ಎಂಬ ಸುಲಿಗೆ ತಂತ್ರಾಂಶವು ಹೀಗೆ ತೆರೆದಿಟ್ಟ ನ್ಯಾಸ್‌ಗಳನ್ನೇ ಹುಡುಕಿ ಬೀಗ ಹಾಕಿತು.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ: ಪ್ರತಿಯನ್ನು ಕೊನೆಯ ಬಾರಿ ಮರಳಿ ಪಡೆದು ನೋಡಿದ್ದು ಯಾವಾಗ? ಗೋದಾಮಿನಲ್ಲಿ ಸರಕಿದೆ ಎಂದು ಪುಸ್ತಕ ಹೇಳಿದರೂ ನಾವು ವರ್ಷಕ್ಕೊಮ್ಮೆ ಎಣಿಸಿ ನೋಡುವುದಿಲ್ಲವೇ? ಬೇರೊಂದು ಗಣಕಯಂತ್ರದಲ್ಲಿ ಪ್ರತಿಯನ್ನು ಬಿಡಿಸಿ, ತಾಣ ತೆರೆಯುತ್ತದೆಯೇ, ನಿನ್ನೆಯ ಕೊನೆಯ ಬೇಡಿಕೆ ಅದರಲ್ಲಿದೆಯೇ ಎಂದು ಮಾಲೀಕರೇ ಕಣ್ಣಾರೆ ನೋಡಬೇಕು. ಎಷ್ಟು ಹೊತ್ತು ಹಿಡಿಯಿತೆಂಬುದನ್ನೂ ಬರೆದಿಡಬೇಕು. ಪ್ರತಿ ಹೊರಗಿನ ಸ್ಥಳದಲ್ಲಿದ್ದು ಅಂತರ್ಜಾಲದ ಮೂಲಕ ತರಬೇಕಾದರೆ, 40 ಗಿಗಾಬೈಟ್ ದತ್ತಾಂಶಕ್ಕೆ ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ ಒಂದು ಗಂಟೆಯೊಳಗೆ ಕೆಲಸ ಮುಗಿಯಬಹುದು. 20 ಮೆಗಾಬಿಟ್ ವೇಗದಲ್ಲಿ ನಾಲ್ಕೂವರೆ ಗಂಟೆ ಬೇಕು. ಈ ಲೆಕ್ಕ ಮೊದಲೇ ತಿಳಿದಿದ್ದರೆ ಗ್ರಾಹಕರಿಗೆ ಉತ್ತರ ಹೇಳಲು ಸಾಧ್ಯ.

ಇದು ಕೇವಲ ವಿವೇಕದ ಮಾತಲ್ಲ, ಕಾನೂನಿನ ಮಾತೂ ಹೌದು. ಜಿಎಸ್‌ಟಿ ನಿಯಮಗಳ 57ನೇ ನಿಯಮದ ಪ್ರಕಾರ ವಿದ್ಯುನ್ಮಾನ ದಾಖಲೆಗಳಿಗೆ ಸಮರ್ಪಕ ಬ್ಯಾಕಪ್ ಇರಿಸತಕ್ಕದ್ದು, ಮತ್ತು ಅಪಘಾತ ಅಥವಾ ನೈಸರ್ಗಿಕ ಕಾರಣಗಳಿಂದ ದಾಖಲೆ ನಾಶವಾದರೆ ಯುಕ್ತ ಕಾಲಾವಧಿಯಲ್ಲಿ ಅದನ್ನು ಮರಳಿ ಪಡೆಯುವಂತಿರಬೇಕು. ಕಂಪನಿಗಳಾಗಿ ನೋಂದಾಯಿತರಾದ ಸದಸ್ಯರು ತಮ್ಮ ವಿದ್ಯುನ್ಮಾನ ಲೆಕ್ಕಪತ್ರಗಳ ಬ್ಯಾಕಪ್ಪನ್ನು ಭಾರತದಲ್ಲಿರುವ ಸರ್ವರಿನಲ್ಲಿ ಪ್ರತಿದಿನ ಇರಿಸಬೇಕೆಂದು 2022ರಲ್ಲಿ ನಿಯಮ ತಿದ್ದುಪಡಿಯಾಗಿದೆ. ಜಿಎಸ್‌ಟಿ ನಿಯಮವು ಪ್ರತಿ ಇರಿಸುವುದರ ಜೊತೆಗೆ ಮರಳಿ ಪಡೆಯುವುದನ್ನೂ ಹೇಳಿದೆ ಎಂಬುದು ಗಮನಾರ್ಹ.

‘ಇದೆಲ್ಲ ಖರ್ಚಿನ ಬಾಬ್ತು, ನಮ್ಮ ಬಳಿ ಅಷ್ಟು ಜನ ಎಲ್ಲಿದ್ದಾರೆ?’ ಎಂಬ ಆಕ್ಷೇಪಣೆ ಬರಬಹುದು. ನ್ಯಾಸ್ ಈಗಾಗಲೇ ಇರುವವರಿಗೆ ಪ್ರತಿಯನ್ನು ಮರಳಿ ಪಡೆದು ನೋಡಲು ಬೇಕಾಗುವುದು ಹಳೆಯದೊಂದು ಗಣಕಯಂತ್ರ ಮತ್ತು ಮೂರು ತಿಂಗಳಿಗೊಮ್ಮೆ ಅರ್ಧ ದಿನ ಮಾತ್ರ. ನಮ್ಮ ಸಂಸ್ಥೆಯು ಸದಸ್ಯರಿಗಾಗಿ ವರ್ಷಕ್ಕೊಂದು ಪ್ರಾತ್ಯಕ್ಷಿಕೆ ಏರ್ಪಡಿಸಿ, ಪ್ರತಿಯೊಬ್ಬರೂ ತಮ್ಮದೇ ಪ್ರತಿಯನ್ನು ತಂದು ಅಲ್ಲಿಯೇ ಬಿಡಿಸಿ ನೋಡುವ ಅವಕಾಶ ಕಲ್ಪಿಸಬೇಕೆಂದು ಪದಾಧಿಕಾರಿಗಳಲ್ಲಿ ವಿನಂತಿಸುತ್ತೇನೆ.

ಆಯುಧಪೂಜೆಗೆ ಮುನ್ನ ನಾವು ಲೇತ್, ಡ್ರಿಲ್ಲಿಂಗ್ ಯಂತ್ರಗಳನ್ನು ಒರೆಸಿ, ಎಣ್ಣೆ ಹಾಕಿ, ಓಡಿಸಿ ನೋಡುತ್ತೇವೆ. ಆ ಪಟ್ಟಿಗೆ ಸರ್ವರಿನ ಪ್ರತಿಯನ್ನೂ ಸೇರಿಸಿಕೊಳ್ಳೋಣ. ಅದು ಮರಳಿ ಬಂದುದನ್ನು ನೋಡಿದ ಮೇಲೆಯೇ ನ್ಯಾಸ್‌ಗೆ ಕುಂಕುಮ ಹಚ್ಚೋಣ.